ಸದ್ದು ಎಲ್ಲಿಂದ ಅಲ್ಲ, ಯಾವಾಗ

ಲಾರಿಗೆ ಚಾಸಿ ಇದೆ, ಜೀಪಿಗೆ ಚಾಸಿ ಇದೆ. ನಮ್ಮ ಹೊಲಗದ್ದೆಗಳಲ್ಲಿ ಓಡುವ ಹೆಚ್ಚಿನ ಹಳೆಯ ಟ್ರಾಕ್ಟರುಗಳಿಗೆ ಇಲ್ಲ. ಮುಂದೆ ಎಂಜಿನ್, ಅದರ ಬೆನ್ನಿಗೆ ಕ್ಲಚ್ ಹೌಸಿಂಗು, ಅದರ ಹಿಂದೆ ಗೇರ್ ಬಾಕ್ಸು, ಕೊನೆಯಲ್ಲಿ ಡಿಫ್ರೆನ್ಷಿಯಲ್ಲು ಮತ್ತು ಹಿಂದಿನ ಆಕ್ಸಲ್ಲು. ದಪ್ಪ ಬೀಡುಕಬ್ಬಿಣದ ಈ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೋಲ್ಟು ಹಾಕಿ ಬಿಗಿದರೆ ಅದೇ ಬೆನ್ನೆಲುಬು, ಅದೇ ಗಾಡಿ. 1917ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಈ ಕಟ್ಟಣೆಯನ್ನು ದೇಶದೇಶಗಳಿಗೆ ಹಬ್ಬಿಸಿತು. ಹ್ಯಾರಿ ಫರ್ಗ್ಯೂಸನ್ ಅದನ್ನು ಹಗುರಗೊಳಿಸಿ, ಹಿಂಭಾಗದಲ್ಲಿ ಹೈಡ್ರಾಲಿಕ್ ಲಿಫ್ಟು ಕೂರಿಸಿದ. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಕಂಪನಿ ತಯಾರಿಸಿದ ಮ್ಯಾಸಿ ಫರ್ಗ್ಯೂಸನ್ 1035 ಆ ವಂಶದ್ದೇ.

ಹೀಗೆ ಕಟ್ಟಿದ ಗಾಡಿ ಗಟ್ಟಿ, ಹಗುರ, ರಿಪೇರಿಗೂ ಸುಲಭ. ಆದರೆ ಕಿವಿಗೆ ಮಾತ್ರ ಮೋಸ ಮಾಡುತ್ತದೆ. ಕಬ್ಬಿಣದೊಳಗೆ ಸದ್ದು ಗಾಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಹರಿಯುತ್ತದೆ. ರೈಲು ಹಳಿಗೆ ಕಿವಿಗೊಟ್ಟ ಹುಡುಗನಿಗೆ ಗಾಡಿ ಬರುವುದು ತಿಳಿಯುತ್ತದೆ, ಎಷ್ಟು ದೂರದಲ್ಲಿದೆ ಎಂಬುದು ತಿಳಿಯುವುದಿಲ್ಲ; ಇಲ್ಲಿಯೂ ಹಾಗೇ. ಹಿಂದಿನ ಆಕ್ಸಲ್ಲಿನ ಗೊರಗೊರ ಸ್ಟೇರಿಂಗಿನ ಕೆಳಗೆ ಕೇಳುತ್ತದೆ. ಸೀಟಿನಡಿ ಇರುವ ಪಂಪಿನ ಬಡಿತ ಎಂಜಿನ್ನಿನ ಬಡಿತದಂತೆ ಕೇಳುತ್ತದೆ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಕಿತ್ತುಹೋಗಿ ಹೊಗೆ ಸೋರಿದರೆ ಟ್ಯಾಪೆಟ್ ಸಡಿಲವಾಗಿದೆ ಎನಿಸುತ್ತದೆ. ಇಂಥ ಹೊತ್ತಿನಲ್ಲಿ ಬಾನೆಟ್ ಎತ್ತಿ, ಎರಡು ಸಲ ರೇಸ್ ಕೊಟ್ಟು, ‘ಬೇರಿಂಗ್ ಹೊಡೆದಿದೆ, ಎಂಜಿನ್ ಇಳಿಸಬೇಕು’ ಎಂದು ಯಾರಾದರೂ ತೀರ್ಪು ಕೊಟ್ಟುಬಿಟ್ಟರೆ ರೈತನ ಕಥೆ ಮುಗಿದ ಹಾಗೆ. ಬಿತ್ತನೆಯ ಹದ ಕಾಯುವುದಿಲ್ಲ, ಕಬ್ಬು ಕಡಿಯುವ ಆಳುಗಳೂ ಕಾಯುವುದಿಲ್ಲ. ಎಂಜಿನ್ ಇಳಿಸಿ ಬಿಚ್ಚಿ ಹರಡಿದ ಮೇಲೆ ಸರಿಯಿದ್ದ ಬೇರಿಂಗನ್ನೂ ಯಾರೂ ಹಾಗೇ ಕೂರಿಸುವುದಿಲ್ಲ, ಹೊಸದೇ ಬೀಳುತ್ತದೆ. ಇಷ್ಟೆಲ್ಲ ಆಗಿ ಗಾಡಿ ಷೆಡ್ಡಿನಿಂದ ಹೊರಬಂದಾಗ ಅದೇ ಸದ್ದು ಮತ್ತೆ ಕೇಳಿದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ.

ನಾನು ನೋಡಿರುವ ಒಳ್ಳೆಯ ಮೆಕ್ಯಾನಿಕ್‌ಗಳು ಯಾರೂ ‘ಸದ್ದು ಎಲ್ಲಿಂದ ಬರುತ್ತಿದೆ’ ಎಂದು ಮೊದಲು ಕೇಳುವುದಿಲ್ಲ. ‘ಯಾವಾಗ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ’ ಎಂದು ಕೇಳುತ್ತಾರೆ. ಎಲ್ಲಿ ಎಂಬುದರ ಬಗ್ಗೆ ಬೀಡುಕಬ್ಬಿಣ ಸುಳ್ಳು ಹೇಳೀತು, ಯಾವಾಗ ಎಂಬುದರ ಬಗ್ಗೆ ಹೇಳಲಾರದು. ಏಕೆಂದರೆ ಟ್ರಾಕ್ಟರಿನಲ್ಲಿ ಎಲ್ಲವೂ ಎಲ್ಲ ಹೊತ್ತಿನಲ್ಲೂ ತಿರುಗುವುದಿಲ್ಲ. ಕ್ಲಚ್ ಒತ್ತಿದರೆ ಕೆಲವು ನಿಲ್ಲುತ್ತವೆ, ಹಿಂದೆ ಕಟ್ಟಿದ ಸಲಕರಣೆಯನ್ನು ತಿರುಗಿಸುವ ಪಿಟಿಓ ಶಾಫ್ಟಿನ ಲಿವರ್ ಎಳೆದರೆ ಇನ್ನು ಕೆಲವು ನಿಲ್ಲುತ್ತವೆ, ಗಾಡಿ ನಿಂತರೆ ಚಕ್ರದ ಕಡೆಯದೆಲ್ಲ ನಿಲ್ಲುತ್ತದೆ. ಯಾವುದು ನಿಂತಾಗ ಸದ್ದೂ ನಿಂತಿತೋ ಆ ಕಡೆ ಹೋಗಬೇಕು. ಒಂದು ಬೋಲ್ಟನ್ನೂ ಬಿಚ್ಚದೆ, ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಅರ್ಧ ಗಾಡಿಯನ್ನು ಅನುಮಾನದ ಪಟ್ಟಿಯಿಂದ ಕೈಬಿಡಬಹುದು.

ಯಾವಾಗ ಎಂಬ ಪ್ರಶ್ನೆಗೆ ಉತ್ತರ ಇರುವುದು ಓಡಿಸುವವನ ಹತ್ತಿರ. ಬೆಳಿಗ್ಗೆ ತಣ್ಣಗಿರುವಾಗಲೇ ಬರುತ್ತದೋ, ಒಂದು ಗಂಟೆ ಉತ್ತ ಮೇಲೆ ಬರುತ್ತದೋ? ಭಾರ ಎಳೆಯುವಾಗ ಜಾಸ್ತಿಯೋ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಜಾಸ್ತಿಯೋ? ಒಂದೇ ಗೇರಿನಲ್ಲಿ ಬರುತ್ತದೋ, ಎಲ್ಲದರಲ್ಲೂ ಬರುತ್ತದೋ? ಎಡಕ್ಕೆ ತಿರುಗಿಸಿದಾಗ ಮಾತ್ರವೋ? ದಿಢೀರನೆ ಶುರುವಾಯಿತೋ, ದಿನದಿನಕ್ಕೆ ಬೆಳೆಯಿತೋ? ಅದಕ್ಕೆ ಮುಂಚೆ ಗಾಡಿಗೆ ಏನಾದರೂ ಕೆಲಸ ಆಗಿತ್ತೋ? ಈ ಕೊನೆಯ ಪ್ರಶ್ನೆಯನ್ನು ಬಿಡಬಾರದು. ಹೊಸ ಸದ್ದಿನ ಬೇರು ಎಷ್ಟೋ ಸಲ ಇತ್ತೀಚೆಗೆ ಬಿಚ್ಚಿ ಹಾಕಿದ ಜಾಗದಲ್ಲೇ ಇರುತ್ತದೆ. ಈಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುವ ರೂಢಿ ಬಂದಿದೆ, ಒಳ್ಳೆಯದೇ. ಆದರೆ ರೆಕಾರ್ಡಿಂಗಿನಲ್ಲಿ ತಾಳ ಉಳಿಯುತ್ತದೆ, ತೂಕ ಉಳಿಯುವುದಿಲ್ಲ. ಕ್ರ್ಯಾಂಕಿನ ದಪ್ಪ ಢಕ್‌ಢಕ್ ಕೂಡ ಆ ಪುಟ್ಟ ಸ್ಪೀಕರಿನಲ್ಲಿ ತೆಳ್ಳಗೆ ಟಿಕ್‌ಟಿಕ್ ಎಂದೇ ಕೇಳುತ್ತದೆ.

ಪ್ರತಿ ಗಾಡಿಗೂ ತನ್ನದೇ ಹುಟ್ಟುದನಿ ಇರುತ್ತದೆ ಎಂಬುದನ್ನೂ ಮರೆಯಬಾರದು. ಗಾಳಿಯಿಂದ ತಣಿಯುವ ಒಂಟಿ ಸಿಲಿಂಡರಿನ ಹಳೆಯ ಐಷರ್‌ಗೆ ಸುತ್ತ ನೀರಿನ ಹೊದಿಕೆ ಇಲ್ಲ, ಒಳಗಿನದೆಲ್ಲ ಹೊರಗೆ ಕೇಳುತ್ತದೆ. ಎರಡು ಸಿಲಿಂಡರಿನ ಎಚ್‌ಎಂಟಿ 2511 ಮೈ ಕುಲುಕುತ್ತಲೇ ಓಡುತ್ತದೆ. ನಾಲ್ಕು ಸಿಲಿಂಡರಿನ ಮಹೀಂದ್ರ ಬಿ-275 ಅದರ ಮುಂದೆ ಸಾಧು. ಒಂದರ ಸಹಜ ಸದ್ದು ಇನ್ನೊಂದರ ರೋಗ. ಹಾಗಾಗಿ ಬೇರೆ ಕಂಪನಿಯ ಗಾಡಿ ಪಳಗಿಸಿದವನು ಬಂದು ‘ಇದು ಹೀಗೆ ಬಡಿಯಬಾರದು’ ಎಂದರೆ ಒಂದು ಗಳಿಗೆ ತಡೆಯಬೇಕು. ಎಚ್‌ಎಂಟಿಯಂಥ ಗಾಡಿ ಇಟ್ಟುಕೊಂಡವರಂತೂ ಇನ್ನೂ ಎಚ್ಚರದಿಂದಿರಬೇಕು. ಪಿಂಜೋರಿನಲ್ಲಿ 1971ರಲ್ಲಿ ಶುರುವಾದ ಆ ಟ್ರಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಅಂಥ ಗಾಡಿಯನ್ನು ಸುಮ್ಮಸುಮ್ಮನೆ ಬಿಚ್ಚಿ, ಒಂದು ಭಾಗ ಮುರಿದುಕೊಂಡರೆ ಅದಕ್ಕಾಗಿ ಊರೂರು ಅಲೆಯಬೇಕಾಗುತ್ತದೆ.

ಪರೀಕ್ಷೆ ಶುರುವಾಗಬೇಕಾದ್ದು ಎಂಜಿನ್ನಿನಿಂದಲ್ಲ, ತಗಡಿನಿಂದ. ಬಾನೆಟ್ಟಿನ ಕೊಂಡಿ, ಬ್ಯಾಟರಿ ಪೆಟ್ಟಿಗೆ, ಸೈಲೆನ್ಸರಿನ ಕ್ಲಾಂಪು, ಮಡ್‌ಗಾರ್ಡಿನ ಬೋಲ್ಟು, ಟೂಲ್ ಬಾಕ್ಸಿನ ಮುಚ್ಚಳ, ಲೋಯರ್ ಲಿಂಕಿನ ಪಿನ್ನು ಇವೆಲ್ಲ ಎಂಜಿನ್ ಒಂದು ವೇಗ ಮುಟ್ಟಿದಾಗ ಮಾತ್ರ ಲಟಲಟ ಎಂದು ನಡುಗುತ್ತವೆ, ವೇಗ ದಾಟಿದರೆ ಸುಮ್ಮನಾಗುತ್ತವೆ. ಅದೇ ಇವುಗಳ ಗುರುತು. ಅನುಮಾನ ಬಂದ ತಗಡನ್ನು ಅಂಗೈಯಿಂದ ಒತ್ತಿ ಹಿಡಿದರೆ ಸದ್ದು ಅಡಗುತ್ತದೆ. ಎಂಜಿನ್ನಿನ ಮುಂಭಾಗದಿಂದ ಗೊರಗೊರ ಬಂದರೆ ಫ್ಯಾನ್ ಬೆಲ್ಟ್ ತೆಗೆದು ಒಂದೆರಡು ನಿಮಿಷ ಮಾತ್ರ ಓಡಿಸಿ ನೋಡಬೇಕು. ಸದ್ದು ಹೋದರೆ ದೋಷ ಡೈನಮೋದಲ್ಲಿ, ಇಲ್ಲವೇ ವಾಟರ್ ಪಂಪಿನ ಬೇರಿಂಗಿನಲ್ಲಿ. ನೀರು ತಿರುಗದೆ ಎಂಜಿನ್ ಕಾಯುವುದರಿಂದ ಹೆಚ್ಚು ಹೊತ್ತು ಓಡಿಸುವಂತಿಲ್ಲ.

ಆಮೇಲೆ ಕ್ಲಚ್ಚು. ಗಾಡಿ ನಿಂತಿರಲಿ, ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಸ್ಲೋ ರನ್ನಿಂಗಿನಲ್ಲಿರಲಿ. ಪೆಡಲ್ ಬಿಟ್ಟಿದ್ದಾಗ ಗೇರ್ ಬಾಕ್ಸಿನ ಮುಂದಿನ ಶಾಫ್ಟು, ಅದರ ಜೋಡಿ ಗೇರು ತಿರುಗುತ್ತಿರುತ್ತವೆ. ಪೆಡಲನ್ನು ಪೂರ್ತಿ ಒತ್ತಿದರೆ ನಿಲ್ಲುತ್ತವೆ. ಒತ್ತಿದಾಗ ಸದ್ದು ನಿಂತಿತೆಂದರೆ ಅದು ಕ್ಲಚ್ಚಿನ ಹಿಂದಿನದು; ಎಂಜಿನ್ನಿಗೆ ಕೈ ಹಚ್ಚುವ ಮಾತೇ ಇಲ್ಲ. ಒತ್ತಿದಾಗಲೇ ಕಿರ್ರೆಂದು ಶುರುವಾಯಿತೆಂದರೆ ರಿಲೀಸ್ ಬೇರಿಂಗು ಒಣಗಿದೆ. ಒತ್ತಿದರೂ ಬಿಟ್ಟರೂ ಒಂದೇ ತೆರನಾಗಿದ್ದರೆ, ಆಗ ಎಂಜಿನ್ನಿನ ಸರದಿ.

ಎಂಜಿನ್ನಿನೊಳಗೆ ಎರಡು ವೇಗಗಳಿವೆ. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಕ್ಯಾಮ್‌ಶಾಫ್ಟು ಒಂದು ಸುತ್ತು ಸುತ್ತುತ್ತದೆ. ಎಂಜಿನ್ ನಿಮಿಷಕ್ಕೆ 600 ಸುತ್ತಿನಲ್ಲಿ ನಿಧಾನ ಓಡುತ್ತಿದೆ ಎನ್ನಿ. ಕ್ರ್ಯಾಂಕಿನ ಜೊತೆ ತಿರುಗುವ ಫ್ಲೈವೀಲು, ಪುಲ್ಲಿ ಸೆಕೆಂಡಿಗೆ 10 ಸುತ್ತು ಬರುತ್ತವೆ. ಟ್ಯಾಪೆಟ್ಟು, ಪುಶ್ ರಾಡು, ಡೀಸೆಲ್ ಪಂಪು, ಒಂದೊಂದು ನಾಜಲ್ಲಿನ ಸಿಡಿತ ಇವೆಲ್ಲ ಸೆಕೆಂಡಿಗೆ 5 ಸಲ. ಐದನ್ನು ಕಿವಿ ಒಂದೊಂದಾಗಿ ಹಿಡಿಯುತ್ತದೆ, ಹತ್ತನ್ನು ಎಣಿಸಲಾರದೆ ಗರಗರ ಎಂಬಂತೆ ಕೇಳುತ್ತದೆ. ಬಿಡಿಬಿಡಿಯಾಗಿ ಎಣಿಸಬಹುದಾದ ಟಿಕ್‌ಟಿಕ್ ಮೇಲ್ಗಡೆಯಿಂದ ಬರುತ್ತಿದ್ದರೆ ಟ್ಯಾಪೆಟ್ಟಿನ ಕಡೆ ನೋಡಬೇಕು. ಮೂರು ಸಿಲಿಂಡರಿನ ಹಳೆಯ ಪರ್ಕಿನ್ಸ್ ಎಂಜಿನ್ನಿನಲ್ಲಿ ಟ್ಯಾಪೆಟ್ಟಿನ ಸಂದು ತಣ್ಣಗಿದ್ದಾಗ 0.30 ಮಿ.ಮೀ., ಬಿಸಿಯಿದ್ದಾಗ 0.25 ಮಿ.ಮೀ. ಇರಬೇಕು. ಕವರ್ ತೆಗೆದು, ಎಂಜಿನ್ ನಿಧಾನ ಓಡುತ್ತಿರುವಾಗಲೇ ಫಿಲ್ಲರ್ ಗೇಜಿನ ತೆಳು ಪಟ್ಟಿಯನ್ನು ಒಂದೊಂದು ರಾಕರಿನಡಿ ತೂರಿಸುತ್ತಾರೆ. ಸಡಿಲವಾದ ಟ್ಯಾಪೆಟ್ಟಿನಡಿ ಪಟ್ಟಿ ಹೋದ ಕ್ಷಣ ಟಿಕ್‌ಟಿಕ್ ಮಾಯವಾಗುತ್ತದೆ. ಪಕ್ಕದಲ್ಲಿ ನಿಂತು ಇದನ್ನು ಕೇಳುವುದೇ ಒಂದು ಸಂತೋಷ.

ಟ್ಯಾಪೆಟ್ ಸರಿಯಿದ್ದೂ ಟಿಕ್‌ಟಿಕ್ ಉಳಿದರೆ ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇದೆಯೇ ನೋಡಬೇಕು. ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಆ ಸಂದಿನ ಹತ್ತಿರ ಹಿಡಿದರೆ ಸೋರುವ ಹೊಗೆಯ ಚುಸ್‌ಚುಸ್ ಸ್ಪಷ್ಟವಾಗುತ್ತದೆ. ಗಾಳಿಯಲ್ಲಿ ಬರುವ ಸದ್ದಿಗೆ ಪೈಪು, ಕಬ್ಬಿಣದಲ್ಲಿ ಬರುವ ಸದ್ದಿಗೆ ಉದ್ದನೆಯ ಸ್ಕ್ರೂಡ್ರೈವರು. ಅದರ ಮೊನೆಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಬೇಕು. ಟೈಮಿಂಗ್ ಕವರು, ಟ್ಯಾಪೆಟ್ ಕವರು, ಸಂಪಿನ ಪಕ್ಕ, ಪಂಪಿನ ಬುಡ ಹೀಗೆ ಜಾಗ ಬದಲಿಸುತ್ತ ಹೋದರೆ ಎಲ್ಲಿ ಜೋರು, ಎಲ್ಲಿ ಮಂದ ಎಂಬುದು ತಿಳಿಯುತ್ತದೆ. ಇದು ಸಾಕ್ಷಿಯೇ ಹೊರತು ತೀರ್ಪಲ್ಲ. ತೀರ್ಪಿಗೆ ಬೇರೆ ಪರೀಕ್ಷೆ ಬೇಕು.

ಆ ಪರೀಕ್ಷೆಯೇ ನಾಜಲ್ ಸಡಿಲಿಸುವುದು. ಎಂಜಿನ್ ಕಟಕಟ ಎನ್ನುತ್ತಿದೆ, ಟ್ಯಾಪೆಟ್ ಅಲ್ಲ ಎಂದು ಗೊತ್ತಾಗಿದೆ. ಈಗ ಸ್ಲೋ ರನ್ನಿಂಗಿನಲ್ಲಿ ಒಂದನೇ ಸಿಲಿಂಡರಿನ ನಾಜಲ್ಲಿಗೆ ಬರುವ ಪ್ರೆಷರ್ ಪೈಪಿನ ನಟ್ಟನ್ನು ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸುತ್ತಾರೆ. ಡೀಸೆಲ್ ಅಲ್ಲೇ ಜಿನುಗಿ ಹೋಗುತ್ತದೆ, ಆ ಸಿಲಿಂಡರಿನಲ್ಲಿ ಬೆಂಕಿ ಹತ್ತುವುದಿಲ್ಲ, ಎಂಜಿನ್ ಕುಂಟುತ್ತದೆ. ಕಟಕಟ ಹಾಗೇ ಇದ್ದರೆ ನಟ್ಟು ಬಿಗಿದು ಎರಡನೆಯದಕ್ಕೆ ಹೋಗಬೇಕು. ಒಂದೊಂದಾಗಿ ಸಡಿಲಿಸುತ್ತ ಹೋದಾಗ ಯಾವ ಸಿಲಿಂಡರಿನಲ್ಲಿ ಸದ್ದು ತಟ್ಟನೆ ಕುಗ್ಗಿತೋ ಅದೇ ಕಳ್ಳ. ಇಲ್ಲಿ ಕೈ ಜೋಪಾನ. ನಾಜಲ್ ತೆರೆಯುವುದು ಪ್ರತಿ ಚದರ ಸೆಂ.ಮೀ.ಗೆ ಸುಮಾರು 200 ಕೆ.ಜಿ. ಒತ್ತಡದಲ್ಲಿ. ಆ ಒತ್ತಡದ ಡೀಸೆಲ್ ಎಳೆ ಬೆರಳಿಗೆ ತಾಗಿದರೆ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ. ಆ ಕೂಡಲೇ ಆಸ್ಪತ್ರೆಗೆ ಓಡಬೇಕು. ಅದಕ್ಕೇ ನಟ್ಟನ್ನು ಪೂರ್ತಿ ಬಿಚ್ಚಬಾರದು, ಮೇಲೆ ದಪ್ಪ ಬಟ್ಟೆ ಹಾಕಿರಬೇಕು, ಎಂಜಿನ್ನಿಗೆ ರೇಸ್ ಕೊಡಬಾರದು.

ಕಳ್ಳ ಸಿಲಿಂಡರು ಸಿಕ್ಕಿತು, ಅದು ಒಂದನೆಯದು ಎನ್ನಿ. ಆದರೂ ಕಳ್ಳತನ ಬೇರಿಂಗಿನದ್ದೋ ನಾಜಲ್ಲಿನದ್ದೋ ಇನ್ನೂ ಗೊತ್ತಿಲ್ಲ. ಬೇರಿಂಗ್ ಸಡಿಲವಾಗಿದ್ದರೂ ಬೆಂಕಿಯ ಹೊಡೆತ ನಿಂತಾಗ ಬಡಿತ ಕುಗ್ಗುತ್ತದೆ. ನಾಜಲ್ಲು ತೊಟ್ಟಿಕ್ಕುತ್ತಿದ್ದರೂ ಹಾಗೇ. ಏಕೆಂದರೆ ಮೋಡದಂತೆ ಹರಡದೆ ತೊಟ್ಟಾಗಿ ಬಿದ್ದ ಡೀಸೆಲ್ ಸರಿಯಾದ ಗಳಿಗೆಗೆ ಹೊತ್ತಿಕೊಳ್ಳದೆ ಕೂಡಿಕೊಂಡು, ಆಮೇಲೆ ಒಟ್ಟಿಗೇ ಸಿಡಿಯುತ್ತದೆ. ಆ ಸಿಡಿತ ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆ ಏಟು ಕೊಟ್ಟಷ್ಟೇ ಜೋರು. ಎರಡನ್ನೂ ಬೇರ್ಪಡಿಸುವ ದಾರಿ ಬಲು ಸರಳ. ಒಂದನೇ ಸಿಲಿಂಡರಿನ ನಾಜಲ್ಲನ್ನು ಮೂರಕ್ಕೆ, ಮೂರರದ್ದನ್ನು ಒಂದಕ್ಕೆ ಹಾಕಿ, ಅಡಿಗೆ ಹೊಸ ತಾಮ್ರದ ವಾಷರ್ ಕೊಟ್ಟು ಓಡಿಸುವುದು. ಸದ್ದು ನಾಜಲ್ಲಿನ ಜೊತೆ ಮೂರಕ್ಕೆ ನಡೆದುಹೋಯಿತೆಂದರೆ ಪಂಪಿನ ಅಂಗಡಿಗೆ ಒಯ್ದು ನಾಜಲ್ ಟೆಸ್ಟ್ ಮಾಡಿಸಿದರೆ ಸಾಕು. ಒಂದರಲ್ಲೇ ಕೂತಿತೆಂದರೆ ದೋಷ ಪಿಸ್ಟನ್ನಿನಲ್ಲಿ ಅಥವಾ ಬೇರಿಂಗಿನಲ್ಲಿ. ಎಂಜಿನ್ ಇಳಿಸುವ ಮಾತು ಇಷ್ಟು ಹೊತ್ತಿನ ಮೇಲೆ ಬರಬೇಕು, ಇದಕ್ಕೆ ಮೊದಲಲ್ಲ. ಅರ್ಧ ದಿನವೂ ಹಿಡಿಯದ ಈ ಅದಲುಬದಲನ್ನು ಮಾಡದೆ ಎಂಜಿನ್ ಬಿಚ್ಚುವುದು ನನ್ನ ಪ್ರಕಾರ ರೈತನಿಗೆ ಮಾಡುವ ಅನ್ಯಾಯ.

ಪಿಸ್ಟನ್ನೋ ಬೇರಿಂಗೋ ಎಂಬುದನ್ನು ಬಿಸಿಯೇ ಹೇಳುತ್ತದೆ. ಸವೆದ ಪಿಸ್ಟನ್ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಗೋಡೆಗೆ ತಟತಟ ಬಡಿಯುತ್ತದೆ. ಕಾದು ಹಿಗ್ಗಿದ ಮೇಲೆ ಸುಮ್ಮನಾಗುತ್ತದೆ. ಬೇರಿಂಗ್ ಇದಕ್ಕೆ ತಿರುಗಾಮುರುಗಾ. ಬೆಳಿಗ್ಗೆ ಆಯಿಲ್ ದಪ್ಪಗಿರುವಾಗ ಮೆತ್ತಗಿದ್ದು, ಕಾದು ಆಯಿಲ್ ತೆಳ್ಳಗಾದಂತೆ ಬಡಿತ ಏರುತ್ತದೆ, ಭಾರ ಬಿದ್ದಾಗ ಇನ್ನೂ ಏರುತ್ತದೆ. ಜೊತೆಗೆ ಡ್ಯಾಷ್‌ಬೋರ್ಡಿನ ಆಯಿಲ್ ಗೇಜನ್ನು ನೋಡಬೇಕು. ಮೂರು ಸಿಲಿಂಡರಿನ ಪರ್ಕಿನ್ಸ್‌ನಂಥ ಎಂಜಿನ್ನಿನಲ್ಲಿ ಕಾದ ಮೇಲೆ, ದುಡಿಯುವ ವೇಗದಲ್ಲಿ ಒತ್ತಡ 30 ಪೌಂಡಿಗಿಂತ ಕೆಳಗಿಳಿದು, ಕೆಳಗಿನಿಂದ ದಪ್ಪ ಢಕ್‌ಢಕ್ ಕೇಳುತ್ತಿದ್ದರೆ ಅಲ್ಲೇ ನಿಲ್ಲಿಸಬೇಕು. ಮನೆವರೆಗೆ ಹೋಗೋಣ, ಇನ್ನೆರಡು ಸಾಲು ಮುಗಿಸೋಣ ಎನ್ನಬಾರದು. ಅಲ್ಲೇ ನಿಲ್ಲಿಸಿದರೆ ಬೇರಿಂಗ್ ಚಿಪ್ಪಿನ ಖರ್ಚಿನಲ್ಲಿ ಮುಗಿಯುತ್ತದೆ. ಓಡಿಸಿದರೆ ಕ್ರ್ಯಾಂಕಿಗೆ ಗೀರು ಬಿದ್ದು ಗ್ರೈಂಡಿಂಗಿಗೆ ಹೋಗುತ್ತದೆ. ಇನ್ನೂ ಓಡಿಸಿದರೆ ಕನೆಕ್ಟಿಂಗ್ ರಾಡ್ ಕಳಚಿ ಎಂಜಿನ್ನಿನ ಪಕ್ಕೆ ಒಡೆದು ಹೊರಬರುತ್ತದೆ.

ಎಂಜಿನ್ನಿನ ಬಗ್ಗೆ ಇಷ್ಟು ಹೇಳಿದ ಮೇಲೆ, ಎಂಜಿನ್ನಿನದ್ದಲ್ಲದ ಒಂದು ಸದ್ದಿನ ಬಗ್ಗೆ ವಿವರವಾಗಿ ಹೇಳಬೇಕು. ಪಾಂಡವಪುರದ ಆಸುಪಾಸಿನ ಒಂದು ಷೆಡ್ಡಿಗೆ ಹಳೆಯ ಮ್ಯಾಸಿ 1035 ಬಂದಿತ್ತು. ಬೇರೊಂದು ಕಡೆ ‘ಕ್ರ್ಯಾಂಕ್ ಕೆಲಸ’ ಎಂದು ಹೇಳಿಸಿಕೊಂಡೇ ಬಂದಿತ್ತು. ತಂದ ಹುಡುಗನ ಮುಖ ಬಾಡಿತ್ತು. ವಯಸ್ಸಾದ ಮೆಕ್ಯಾನಿಕ್ ಎಂಜಿನ್ ಹತ್ತಿರವೇ ಹೋಗಲಿಲ್ಲ.

“ಯಾವಾಗಿಂದ ಬತ್ತಾ ಅದಪ್ಪ?”

“ಗದ್ದೆ ಕೆಲ್ಸ ಮುಗಿಸ್ಕ ಬಂದಾಗಿಂದ ಕಣಣ್ಣ.”

“ನಿಂತಿದ್ರೂವೆ ಬತ್ತದಾ?”

“ಬತ್ತದೆ. ಕಲ್ಟಿವೇಟ್ರು ಎತ್ತುದ್ರೆ ಇನ್ನೂ ಜಾಸ್ತಿ.”

ಆ ಕೊನೆಯ ಮಾತಿಗೆ ಆತ ತಲೆಯಾಡಿಸಿದ. ಗಾಡಿ ಸ್ಟಾರ್ಟ್ ಮಾಡಿಸಿ ಗೇಜ್ ನೋಡಿದ, ಒತ್ತಡ ಚೆನ್ನಾಗಿತ್ತು. ಮೂರೂ ನಾಜಲ್ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಎಂಜಿನ್ ಕುಂಟಿತೇ ಹೊರತು ಬಡಿತ ಕಿಂಚಿತ್ತೂ ಬದಲಾಗಲಿಲ್ಲ. ಕ್ಲಚ್ಚನ್ನು ತಳಮಟ್ಟ ಒತ್ತಿಸಿದ, ಬಡಿತ ನಿಂತಿತು. ಬಿಡಿಸಿದ, ಶುರುವಾಯಿತು. ಆಮೇಲೆ ಪಿಟಿಓ ಲಿವರನ್ನು ನ್ಯೂಟ್ರಲ್‌ಗೆ ಎಳೆಸಿ ಮತ್ತೆ ಕ್ಲಚ್ ಬಿಡಿಸಿದ. ಎಂಜಿನ್ ಓಡುತ್ತಿದೆ, ಗೇರ್ ಬಾಕ್ಸಿನ ಶಾಫ್ಟು ತಿರುಗುತ್ತಿದೆ, ಆದರೆ ಬಡಿತ ಇಲ್ಲ.

ಫರ್ಗ್ಯೂಸನ್ ಪದ್ಧತಿಯ ಗಾಡಿಯಲ್ಲಿ ಲಿಫ್ಟಿನ ಹೈಡ್ರಾಲಿಕ್ ಪಂಪು ಎಂಜಿನ್ನಿನ ಪಕ್ಕದಲ್ಲಿಲ್ಲ, ಸೀಟಿನ ಕೆಳಗೆ, ಹಿಂದಿನ ಹೌಸಿಂಗಿನ ಆಯಿಲ್ಲಿನೊಳಗೆ ಮುಳುಗಿ ಕೂತಿದೆ. ನಾಲ್ಕು ಪುಟ್ಟ ಪಿಸ್ಟನ್ನುಗಳ ಆ ಪಂಪನ್ನು ತಿರುಗಿಸುವುದು ಪಿಟಿಓ ಶಾಫ್ಟು. ಲಿವರ್ ನ್ಯೂಟ್ರಲ್‌ಗೆ ಬಂದರೆ ಶಾಫ್ಟು ನಿಲ್ಲುತ್ತದೆ, ಪಂಪೂ ನಿಲ್ಲುತ್ತದೆ. ಸವೆದ ಪಂಪಿನ ಬಡಿತವನ್ನು ಕ್ರ್ಯಾಂಕಿನದೆಂದು ತಿಳಿಯುವುದು ಸುಲಭ. ಎಂಜಿನ್ ವೇಗ ಏರಿದಂತೆ ಅದೂ ಏರುತ್ತದೆ, ಭಾರ ಎತ್ತಿದರೆ ಅದೂ ದಪ್ಪವಾಗುತ್ತದೆ, ಒಂದೇ ಬೀಡಿನ ಬೆನ್ನಿನಲ್ಲಿ ಮುಂದಕ್ಕೆ ಹರಿದು ಬರುತ್ತದೆ. ಆದರೆ ಗಮನಿಸಿ ಕೇಳಿದರೆ ತಾಳ ಬೇರೆ. ಪಿಟಿಓ ಶಾಫ್ಟು ಎಂಜಿನ್ನಿನ ಅರ್ಧಕ್ಕಿಂತಲೂ ಕಡಿಮೆ ವೇಗದಲ್ಲಿ ತಿರುಗುವುದರಿಂದ ಬಡಿತ ಟ್ಯಾಪೆಟ್ಟಿನ ಟಿಕ್‌ಟಿಕ್‌ಗಿಂತಲೂ ನಿಧಾನ. ಎಂಜಿನ್ನಿನ ಬಡಿತ ಅಷ್ಟು ನಿಧಾನ ಆಗಲಾರದು. ಎತ್ತಿದ ಕಲ್ಟಿವೇಟರು ಸುಮ್ಮನೆ ನಿಲ್ಲದೆ ಆಗಾಗ ಒಂದಿಷ್ಟು ಇಳಿದು, ಗುಕ್ಕೆಂದು ಮತ್ತೆ ಏರುತ್ತಿತ್ತು. ಲಿಫ್ಟಿನೊಳಗೆ ಎಲ್ಲೋ ಒತ್ತಡ ಸೋರುತ್ತಿದೆ, ಅದನ್ನು ತುಂಬಿಕೊಡಲು ಪಂಪು ಬಿಡುವಿಲ್ಲದೆ ದುಡಿಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಹೌಸಿಂಗಿನ ಆಯಿಲ್ ಇಳಿಸಿದಾಗ ಹಾಲು ಹಾಕಿದ ಕಾಫಿಯ ಬಣ್ಣದ ನೊರೆ ಬಂತು. ಕೇಜ್ ವೀಲ್ ಕಟ್ಟಿ ಮೊಣಕಾಲುದ್ದ ಕೆಸರಿನಲ್ಲಿ ಗದ್ದೆ ಉತ್ತ ಗಾಡಿ, ಸವೆದ ಸೀಲಿನ ಸಂದಿಯಿಂದ ಗದ್ದೆಯ ನೀರು ಒಳಹೊಕ್ಕಿತ್ತು. ನೀರು ಬೆರೆತ ಆಯಿಲ್ಲಿಗೆ ಜಿಡ್ಡು ಇರುವುದಿಲ್ಲ. ಪಂಪಿನ ಜಾಲರಿಗೆ ಕೆಸರಿನ ಲೇಪ ಕೂತು ಉಸಿರು ಕಟ್ಟಿತ್ತು. ಲಿಫ್ಟಿನ ಮೇಲಿನ ಕವರ್ ಎತ್ತಿ ಪಂಪನ್ನು ಹೊರತೆಗೆದಾಗ ಕ್ಯಾಮಿನ ಬುಷ್ಷುಗಳು ಸವೆದು ಅಲ್ಲಾಡುತ್ತಿದ್ದುದು ಕೈಗೇ ಸಿಕ್ಕಿತು. ಬುಷ್ಷು, ಸೀಲು, ಜಾಲರಿಯ ಶುದ್ಧಿ, ಹೊಸ ಆಯಿಲ್, ಇಷ್ಟರಲ್ಲಿ ಕೆಲಸ ಮುಗಿಯಿತು. ಕ್ರ್ಯಾಂಕ್ ತನ್ನ ಜಾಗದಲ್ಲಿ ತಣ್ಣಗೆ ಉಳಿಯಿತು. ಭತ್ತದ ನಾಡಿನಲ್ಲಿ ಕೇಜ್ ವೀಲ್ ಕೆಲಸ ಮುಗಿದ ಮೇಲೆ ಹಿಂದಿನ ಹೌಸಿಂಗಿನ ಆಯಿಲ್ ಬಣ್ಣ ನೋಡುವ ಅಭ್ಯಾಸ ಇಟ್ಟುಕೊಂಡರೆ ಇಂಥ ಎಷ್ಟೋ ಸದ್ದುಗಳು ಹುಟ್ಟುವುದೇ ಇಲ್ಲ.

ಗಾಡಿ ನಿಂತಿದ್ದಾಗ ಎಲ್ಲ ಸರಿಯಿದ್ದು, ಓಡುವಾಗ ಮಾತ್ರ ಬರುವ ಸದ್ದುಗಳದ್ದು ಬೇರೆಯೇ ಲೆಕ್ಕ. ಇಲ್ಲಿ ಕಿವಿಗಿಂತ ಹೆಜ್ಜೆ ಹೆಚ್ಚು ನಂಬಿಕಸ್ಥ. 13.6-28 ಅಳತೆಯ ಹಿಂದಿನ ಟೈರು ಒಂದು ಸುತ್ತಿಗೆ ಸುಮಾರು 4 ಮೀಟರ್ ಸಾಗುತ್ತದೆ. 6.00-16ರ ಮುಂದಿನ ಟೈರು ಒಂದು ಸುತ್ತಿಗೆ ಸುಮಾರು 2.3 ಮೀಟರ್. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಟ್ಟು, ಪಕ್ಕದಲ್ಲಿ ತುಸು ದೂರ ನಡೆದರೆ ಸಾಕು. ಪ್ರತಿ ಸಲ ಸದ್ದು ಬಂದಾಗ ಹಿಂದಿನ ಟೈರಿನ ಗುರುತು ಅದೇ ಜಾಗದಲ್ಲಿದ್ದರೆ ಹಿಂದಿನ ಚಕ್ರದ ನಟ್ಟು, ಡಿಸ್ಕು, ಆಕ್ಸಲ್ ಬೇರಿಂಗು ಇವುಗಳಲ್ಲಿ ಹುಡುಕಬೇಕು. ಮುಂದಿನ ಟೈರಿನ ಗುರುತಿಗೆ ತಾಳೆಯಾದರೆ ಮುಂದಿನ ಹಬ್ಬು. ಆ ಚಕ್ರವನ್ನು ಜಾಕಿನಲ್ಲಿ ಎತ್ತಿ, ಕೈಯಲ್ಲೇ ತಿರುಗಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನ ಕರಕರ, ಸಡಿಲ ಎರಡೂ ತಿಳಿಯುತ್ತವೆ. ಎರಡಕ್ಕೂ ತಾಳೆಯಾಗದೆ, ಒಂದು ಸುತ್ತಿನಲ್ಲಿ ಹಲವು ಸಲ ಬರುತ್ತಿದ್ದರೆ ಸದ್ದು ಚಕ್ರಕ್ಕಿಂತ ಜೋರಾಗಿ ತಿರುಗುವ ಯಾವುದರದ್ದೋ ಆಗಿರಬೇಕು: ಕ್ರೌನು, ಪಿನಿಯನ್ನು, ಗೇರು. ಒಂದೇ ಗೇರಿನಲ್ಲಿ ಬಂದರೆ ಆ ಗೇರಿನ ಜೋಡಿಯದು. ತಿರುವಿನಲ್ಲಿ ಮಾತ್ರ ಕಟಕ್ ಎಂದರೆ ಡಿಫ್ರೆನ್ಷಿಯಲ್ಲಿನ ಸ್ಟಾರ್ ಗೇರುಗಳು, ಏಕೆಂದರೆ ನೇರ ಓಟದಲ್ಲಿ ಅವು ತಮ್ಮ ಪಿನ್ನಿನ ಮೇಲೆ ತಿರುಗುವುದೇ ಇಲ್ಲ.

ರೋಟವೇಟರ್ ಕಟ್ಟಿದಾಗ ಮಾತ್ರ ಬರುವ ಗಡಗಡಕ್ಕೆ ಕಾರ್ಡನ್ ಶಾಫ್ಟಿನ ಕ್ರಾಸ್ ಸವೆದಿರುವುದು ಸಾಮಾನ್ಯ ಕಾರಣ. ಓಡುತ್ತಲೇ ರೋಟವೇಟರನ್ನು ಎತ್ತರಕ್ಕೆ ಎತ್ತಿದಾಗ ಶಾಫ್ಟಿನ ಕೋನ ಹೆಚ್ಚಿ ಸದ್ದು ಜೋರಾಗುತ್ತದೆ. ಅದನ್ನು ದೂರದಿಂದಲೇ ಕೇಳಬೇಕು. ಆ ಶಾಫ್ಟು ತಿರುಗುವ ವೇಗ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಚುಂಗು, ಟವೆಲ್ಲು, ಸೀರೆಯ ಸೆರಗು ಅದಕ್ಕೆ ಸಿಕ್ಕರೆ ಬಿಡಿಸಿಕೊಳ್ಳುವ ಸಮಯ ಯಾರಿಗೂ ಇರುವುದಿಲ್ಲ. ಗಾರ್ಡ್ ಇಲ್ಲದ ಶಾಫ್ಟಿನ ಪಕ್ಕ ಬಗ್ಗಿ ಕಿವಿಗೊಡುವುದನ್ನು ಕಂಡಾಗೆಲ್ಲ ನನಗೆ ಜೀವ ಝಲ್ಲೆನ್ನುತ್ತದೆ.

ಕಿವಿಯ ಬಗ್ಗೆಯೂ ಒಂದು ಮಾತು. ಕ್ಯಾಬಿನ್ ಇಲ್ಲದ ಹಳೆಯ ಟ್ರಾಕ್ಟರಿನ ಸೀಟಿನಲ್ಲಿ ದುಡಿಮೆಯ ವೇಗದಲ್ಲಿ ಸದ್ದು 90 ಡೆಸಿಬಲ್ ದಾಟುವುದು ಮಾಮೂಲು. ವರ್ಷಗಟ್ಟಲೆ ಅದರಲ್ಲಿ ಕೂತವನ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಮೇಲಿನ ಸ್ಥಾಯಿಯ ದನಿಗಳನ್ನು. ಬೇರಿಂಗ್ ಕೆಡುವಾಗ ಮೊದಲು ಹೊರಡುವ ಸುಂಯ್ ಎಂಬ ಸದ್ದು ಅದೇ ಸ್ಥಾಯಿಯದು. ಹಾಗಾಗಿ ಇಪ್ಪತ್ತು ವರ್ಷ ಗಾಡಿ ಓಡಿಸಿದ ಅಪ್ಪನಿಗೆ ಕೇಳದ್ದು ಮಗಳಿಗೆ ಕೇಳಬಹುದು. ಅವಳು ‘ಏನೋ ಕುಂಯ್‌ಗುಡ್ತಾ ಇದೆ’ ಎಂದರೆ ತಳ್ಳಿಹಾಕಬಾರದು, ಅವಳನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷೆ ಮಾಡಬೇಕು. ಕಬ್ಬಿನ ಲೋಡು ಎಳೆಯುವ ಗಾಡಿಗಳಲ್ಲಿ ದೊಡ್ಡ ಸ್ಪೀಕರ್ ಕಟ್ಟಿ ಹಾಡು ಹಾಕುತ್ತಾರೆ. ರಾತ್ರಿಯ ದಾರಿಗೆ ಆ ಜೊತೆ ಬೇಕು, ಅದು ನನಗೂ ಅರ್ಥವಾಗುತ್ತದೆ. ಆದರೂ ಪ್ರತಿ ಟ್ರಿಪ್ಪಿನಲ್ಲಿ ಸ್ವಲ್ಪ ದೂರವಾದರೂ ಹಾಡು ನಿಲ್ಲಿಸಿ ಗಾಡಿಯನ್ನು ಕೇಳಬೇಕು. ಉಳುವಾಗ ಕಿವಿಗೆ ಪ್ಲಗ್ ಹಾಕಿಕೊಳ್ಳುವುದೂ ಒಳ್ಳೆಯದು. ಅದು ಒಟ್ಟು ಗದ್ದಲವನ್ನು ತಗ್ಗಿಸುತ್ತದೆಯೇ ಹೊರತು ಹೊಸ ಬಡಿತವನ್ನು ಮುಚ್ಚಿಹಾಕುವುದಿಲ್ಲ.

ಕಿವಿ ಹೇಳಿದ್ದನ್ನು ಕೊನೆಗೆ ಆಯಿಲ್ ದೃಢಪಡಿಸಬೇಕು. ಅನುಮಾನ ಬಂದ ಪೆಟ್ಟಿಗೆಯ ಆಯಿಲ್ಲನ್ನು ಶುದ್ಧ ಬೇಸಿನ್ನಿಗೆ ಇಳಿಸಿ, ತಳದ ಗಸಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು, ಬಿಸಿಲಿಗೆ ಹಿಡಿದು ನೋಡಬೇಕು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದಾಗ ಅಂಟಿಕೊಂಡದ್ದು ಉಕ್ಕು: ಗೇರಿನದೋ, ಬಾಲ್ ಬೇರಿಂಗಿನದೋ. ಎಂಜಿನ್ ಆಯಿಲ್ಲಿನಲ್ಲಿ ಅಂಟಿಕೊಳ್ಳದೆ ಮಿನುಗುವ ಬೂದು ಅಥವಾ ತಾಮ್ರದ ಬಣ್ಣದ ಪುಡಿ ಕಂಡರೆ ಅದು ಕ್ರ್ಯಾಂಕ್ ಬೇರಿಂಗಿನ ಲೇಪ. ಬೆರಳಿಗೆ ತಾಗಿಯೂ ತಾಗದ ನುಣ್ಣನೆಯ ಹುಡಿ ವರ್ಷಗಳ ಸವೆತ, ಹೆದರಬೇಕಿಲ್ಲ. ಉಗುರಿಗೆ ಸಿಕ್ಕುವ ಚೂರು ಬಂದರೆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬಾರದು.

ಹಿಂದಿನ ಹೌಸಿಂಗಿನಿಂದ ಬರುವ ಎರಡು ಸದ್ದುಗಳಲ್ಲಿ ಹುಡಿಗೂ ಚೂರಿಗೂ ಇರುವ ಈ ವ್ಯತ್ಯಾಸ ಬಹಳ ಮುಖ್ಯ. ಕ್ರೌನ್ ಪಿನಿಯನ್ ಹಲ್ಲು ಸವೆದು ಭಾರ ಎಳೆಯುವಾಗ ಒಂದೇ ಸಮನೆ ಗುಂಯ್‌ಗುಟ್ಟುವ ಗಾಡಿಗಳು, ಆಯಿಲ್ ಮಟ್ಟ ಸರಿಯಾಗಿಟ್ಟು, ಟ್ರೇಲರಿನ ಹೊರೆ ಇಳಿಸಿ, ಬೇರಿಂಗಿನ ಬಿಗಿ ನೋಡಿಸಿದರೆ ವರ್ಷಗಟ್ಟಲೆ ದುಡಿಯುತ್ತವೆ. ಅದಕ್ಕಾಗಿ ಸುಗ್ಗಿಯ ನಡುವೆ ಹೌಸಿಂಗ್ ಬಿಚ್ಚಬೇಕಿಲ್ಲ. ಹಲ್ಲು ಮುರಿದು ಸುತ್ತಿಗೊಮ್ಮೆ ಕಟ್ ಎನ್ನುವ ಗಾಡಿಗೆ ಆ ರಿಯಾಯಿತಿ ಇಲ್ಲ. ಮುರಿದ ತುಂಡು ಇನ್ನೆರಡು ಹಲ್ಲುಗಳ ನಡುವೆ ಸಿಕ್ಕರೆ ಹೌಸಿಂಗೇ ಸೀಳುತ್ತದೆ. ಅಂಥ ಗಾಡಿಯನ್ನು ಇನ್ನೊಂದು ಟ್ರಾಕ್ಟರಿಗೆ ಕಟ್ಟಿ ಎಳೆದು ತರುವುದೂ ತಪ್ಪು, ಏಕೆಂದರೆ ನ್ಯೂಟ್ರಲ್‌ನಲ್ಲಿದ್ದರೂ ಚಕ್ರದ ಜೊತೆ ಕ್ರೌನ್ ತಿರುಗುತ್ತಲೇ ಇರುತ್ತದೆ. ನಿಂತಲ್ಲೇ ಬಿಚ್ಚಬೇಕು, ಇಲ್ಲವೇ ಲಾರಿಗೆ ಹೇರಿ ತರಬೇಕು.